ಹಗೇವಿನ ಬಾಯಲ್ಲಿ ಮರ್ಯಾದೆ ಬೇಡ

ಇಸವಿ ೨೨೧೪, ಗಾಳಿಮಾಸ ಬಹುಳ ಪಂಚಮಿ
ನರಗುಂದ ಸೀಮೆ

ಇದೇ ಮನೆಯಲ್ಲಿ ನನಗಿಂತ ಏಳು ತಲೆಮಾರು ಮೊದಲು ಅತ್ತೆಯಾಗಿದ್ದ ತಾಯಿಗೆ ಚನ್ನವೀರವ್ವನ ಶರಣು.

ಗಾಳಿಮಾಸಕ್ಕಾಗಿ ಪಂಚಾಂಗ ತಿರುವಬೇಡಿರಿ, ಸಿಗುವುದಿಲ್ಲ. ಚೈತ್ರಕ್ಕೂ ವೈಶಾಖಕ್ಕೂ ನಡುವೆ ನಾವು ಸೇರಿಸಿಕೊಂಡ ತಿಂಗಳು ಅದು. ಸುಂಟರಗಾಳಿ ಊರ ಮೇಲೆ ಇಳಿಯುವ ಕಾಲ. ನಿಮ್ಮ ಕಾಲದಲ್ಲಿ ಸುಂಟರಗಾಳಿಯೆಂದರೆ ಹೊಲದ ಕಸ ಎತ್ತಿ ಕುಣಿಸಿ ಹೋಗುವ ಗಾಳಿಯಂತೆ. ನಮ್ಮದು ಮನೆಯನ್ನೇ ಎತ್ತುತ್ತದೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ನೀವು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವೇ ಇಂದು ನಮ್ಮ ಜೀವ. ಅದಕ್ಕೆ ಮೆಟ್ಟಿಲು, ಗಾಳಿಕೊಳವೆ ಕೂಡಿಸಿದ್ದೇವೆ. ಒಳಗೆ ನೀರಿನ ಕೊಡ, ಒಣಗಿಸಿಟ್ಟ ಕಟಕ ರೊಟ್ಟಿ, ಔಷಧಿ ಡಬ್ಬಿ, ತಲೆ ಮುಚ್ಚಿಕೊಳ್ಳಲು ದಪ್ಪ ಕೌದಿ. ಮಲಗುವಾಗಲೂ ಚಪ್ಪಲಿ ಹಾಸಿಗೆಯ ಪಕ್ಕದಲ್ಲೇ ಇರಬೇಕು, ಒಡೆದ ಗಾಜಿನ ಮೇಲೆ ನಡೆಯಬೇಕಾದೀತು. ಕೊರಳಲ್ಲಿ ತಾಳಿಯ ಜೊತೆಗೊಂದು ಸೀಟಿ, ಮಣ್ಣಿನಡಿ ಸಿಕ್ಕರೆ ಊದಲು. ಗಾಳಿ ಕಂಡೊಡನೆ ಊರಿನವರು ಇಳಿಗಂಟೆ ಬಾರಿಸುತ್ತಾರೆ. ಕೇಳಿದವರು ಕಿಟಕಿ ಮುಚ್ಚಲೂ ನಿಲ್ಲದೆ ಇಳಿದುಬಿಡಬೇಕು. ಇಷ್ಟೆಲ್ಲ ಕಲಿತೆವು, ಒಂದನ್ನು ಬಿಟ್ಟು.

ಹೋದ ವರ್ಷ ಬೀಗರು ಊಟಕ್ಕೆ ಬಂದಿದ್ದರು. ಹೋಳಿಗೆ ಬಡಿಸುವ ಹೊತ್ತಿಗೆ ಗಂಟೆ ಕೇಳಿಸಿತು. ದೀಪ ಹಚ್ಚಲೆಂದು ನಾನು ಮುಂದೆ ಇಳಿದೆ. ಮೇಲೆ, ಹಗೇವಿನ ಬಾಯಲ್ಲಿ, ಮರ್ಯಾದೆ ಶುರುವಾಯಿತು. ಬೀಗರು ಮೊದಲು ಇಳಿಯಲಿ ಎಂದು ನಮ್ಮ ಯಜಮಾನರು. ಹಿರಿಯರು ನೀವೇ ಇಳಿಯಿರಿ ಎಂದು ಬೀಗರು. ಏನು ಹೇಳಲಿ ತಾಯಿ, ಊಟದ ಪಂಕ್ತಿಗೆ ಕರೆಯುವವರ ಹಾಗೆ ಒಬ್ಬರನ್ನೊಬ್ಬರು ಉಪಚರಿಸುತ್ತ ನಿಂತರು. ಅವರೆಲ್ಲರ ಹಿಂದೆ ನನ್ನ ಸೊಸೆ ನಿಂಬೆವ್ವ. ನೀನಾದರೂ ಬಾರವ್ವ ಎಂದು ಕೆಳಗಿನಿಂದ ಕೂಗಿಕೊಂಡೆ.

"ಮಾವಾರು ಮೊದಲ ಇಳೀಲಿ, ಅತ್ತಿ," ಎಂದಳು.

ಅವರೆಲ್ಲ ಇಳಿದರು. ಅವಳ ಕಾಲು ಮೊದಲ ಮೆಟ್ಟಿಲಿಗೆ ಬರುವಷ್ಟರಲ್ಲಿ ಗಾಳಿ ಬಂತು. ಸಂಜೆ ಅವಳ ಹೆಣ ಸಿಕ್ಕಿದ್ದು ಕೆರೆಯಾಚೆ. ಮಗಳಿಗಿಂತ ಹೆಚ್ಚಾಗಿದ್ದಳು. ಯಾರನ್ನು ಬೈಯಲಿ? ಅಲ್ಲಿ ನಿಂತವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ.

ಈಗ ತಿಂಗಳಿಗೊಮ್ಮೆ ಇಳಿಯುವ ತಾಲೀಮು ನಡೆಸುತ್ತೇವೆ. ಹತ್ತಿರವಿದ್ದವರು ಮೊದಲು, ಅಷ್ಟೇ. ಯಜಮಾನರು ಮಾತ್ರ ಪ್ರತಿಸಲ ಹಗೇವಿನ ಬಾಯಲ್ಲಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ, ಹಿಂದೆ ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ. ನಾನೇ ಕೈಹಿಡಿದು ಇಳಿಸಬೇಕು.

ಹಗೇವು ಮುಚ್ಚಿಸಿ ಮೇಲೆ ಸಿಮೆಂಟು ಹಾಕಿಸುವ ಮಾತು ನಿಮ್ಮಲ್ಲಿ ನಡೆದಿದೆಯೆಂದು ಬಲ್ಲೆ. ಮುಚ್ಚಿಸಬೇಡಿರಿ. ಮತ್ತೆ, ನಿಮ್ಮ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಈಗಲೇ ಒಂದು ಮಾತು ಹೇಳಿಡಿರಿ. ಅವಳು ತನ್ನ ಸೊಸೆಗೆ ಹೇಳಲಿ, ಆಕೆ ತನ್ನ ಸೊಸೆಗೆ. ಹಾಗೇ ಬಂದು ಬಂದು ಅದು ನಿಂಬೆವ್ವನನ್ನು ಮುಟ್ಟಲಿ: ಮಾವನನ್ನು ದಾಟಿಕೊಂಡು ಇಳಿ, ಮಗಳೇ.