ಡಬಗಳ್ಳಿ ಬೇಲಿ

ತಾವರಗೇರಾ
೮ ಮಾರ್ಚ್ ೧೯೩೬

ಚಿ. ಸೌ. ವಿರೂಪಾಕ್ಷಮ್ಮ, ಗಂಗಾವತಿ,

ನನ್ನ ಬಂಗಾರದ ಮಗಳೇ, ನೀನೂ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನನ್ನ ಸುಖದ ಮಾತು ಕೇಳಬೇಡ.

ಮನೆ ಹಿಂದಿನ ಹೊಲದ ಡಬಗಳ್ಳಿ ಬೇಲಿ ಕೊಳೆಯುತ್ತಿದೆ. ಎಲೆಯ ಮೇಲೆ ಅರಳೆ ಅಂಟಿದ ಹಾಗೆ ಬಿಳಿ ಹುಳ. ಹಿಚುಕಿದರೆ ರಕ್ತದಂಥ ಕೆಂಪು. ಪರದೇಶದ ಈ ಕಳ್ಳಿ ಗೋಮಾಳಗಳನ್ನೆಲ್ಲ ನುಂಗಿತೆಂದು ಹೊಳೆಯಾಚೆ ಸರ್ಕಾರದವರೇ ಹುಳ ಬಿಟ್ಟರಂತೆ. ಗೋಮಾಳದ ಕಳ್ಳಿ ಸತ್ತರೆ ನಾನೂ ಸಕ್ಕರೆ ಹಂಚುತ್ತೇನೆ. ಆದರೆ ಇದು ನಿನ್ನ ಅಪ್ಪ ಕೈಯಾರೆ ನೆಟ್ಟ ಬೇಲಿ. ನಮ್ಮ ಹೊಲಕ್ಕೂ ನಿನ್ನ ಕಾಕಾ ಕೊಟ್ರಬಸಪ್ಪನ ಹೊಲಕ್ಕೂ ಇರುವ ಗಡಿ ಅದೊಂದೇ. ಅದು ಹೋದರೆ, ಗಂಡನಿಲ್ಲದವಳ ಹೊಲ ವರ್ಷಕ್ಕೊಂದು ಸಾಲು ಸವೆಯುತ್ತದೆ.

ಹುಳ ತಾನಾಗಿ ನಡೆದು ಬರಲಿಲ್ಲ. ನಮ್ಮ ಸುತ್ತಮುತ್ತ ಎಲ್ಲೂ ಅದಿಲ್ಲ, ನಿಮ್ಮ ಗಂಗಾವತಿ ಕಡೆ ಇದೆ. ಸಂಕ್ರಾಂತಿಗೆ ನಿಮ್ಮಲ್ಲಿಗೆ ಬಂದವರು ನಾನು, ನಿನ್ನ ಕಾಕಾ, ಇಬ್ಬರೇ. ನಾನು ತಂದದ್ದು ನೀನು ಕೊಟ್ಟ ಒಂದು ಬುಟ್ಟಿ ಕಳ್ಳಿಹಣ್ಣು. ಅವನ ಚೀಲದಲ್ಲಿ ಏನಿತ್ತು? ಹೋದ ವಾರ ಅವನ ಧೋತರದ ತುಂಬ ಕೆಂಪು ಕಲೆ. ಕೇಳಿದರೆ, "ಹುಳ ಬಿದ್ದ ಎಲಿ ಕಡದು ಸುಡಾಕತ್ತೇನಿ ವೈನಿ, ಉಳದಷ್ಟು ಬೇಲಿ ಉಳೀಲಿ" ಅಂದ. ನನ್ನ ಬೇಲಿಯ ಮೇಲೆ ಅವನಿಗೇಕಷ್ಟು ಪ್ರೀತಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ.

ಊರ ಹಿರಿಯರಿಗೆ ಹೇಳಿದ್ದೇನೆ. ಅಮಾವಾಸ್ಯೆಯಂದು ಅವನು ಗುಡಿಯಲ್ಲಿ ದೇವರ ಅರಿಸಿನದ ಭಂಡಾರ ಹಿಡಿದು, ಹುಳ ತಾನು ತಂದಿಲ್ಲವೆಂದು ಆಣೆ ಮಾಡಬೇಕು. ಆಣೆಗೆ ಹೋದ ಮನೆಗಳ ನಡುವೆ ಮತ್ತೆ ಬೆಂಕಿ-ನೀರು ಇರುವುದಿಲ್ಲ, ಗೊತ್ತು. ನಿನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ, ಅದೂ ಗೊತ್ತು. ಆದರೂ ಬಿಡಲಾರೆ ಮಗಳೇ. ಅವನ ಚೀಲದಲ್ಲಿ ಏನು ಕಂಡೆ, ನೆನಪು ಮಾಡಿ ಬೇಗ ಬರೆ.

ನಿನ್ನ ಅವ್ವ,
ಪಾರ್ವತೆಮ್ಮ

ತಾ. ಕ.: ಪತ್ರ ಮಡಚಿಟ್ಟು, ನಿನಗೆ ಶೇಂಗಾ ಕಳಿಸಲೆಂದು ಆ ಹಣ್ಣಿನ ಬುಟ್ಟಿಯನ್ನು ಕೆಳಗಿಳಿಸಿದೆ. ಹೆಣಿಗೆಯ ಸಂದಿಯಲ್ಲಿ ಬಿಳಿ ಅರಳೆ. ಎಂಜಲು ಹಚ್ಚಿ ಒತ್ತಿದೆ. ಕೆಂಪು. ಕಳ್ಳಿಹಣ್ಣಿನ ಸಿಪ್ಪೆಯ ಮುಳ್ಳು ಯಾರ ಕಾಲಿಗೂ ಚುಚ್ಚಬಾರದೆಂದು ಬೇಲಿಗೇ ಎಸೆಯುವುದು ನಮ್ಮ ಪದ್ಧತಿಯಲ್ಲವೇ? ಅವತ್ತೂ ಎಸೆದೆ, ಇದೇ ಕೈಯಿಂದ. ಬುಟ್ಟಿಯನ್ನು ಸುಮ್ಮನೆ ಒಲೆಗೆ ಹಾಕಿಬಿಡೋಣ ಅನ್ನಿಸಿತು, ನಿನ್ನ ಮುಂದೆ ಸುಳ್ಳೇಕೆ. ಹಿತ್ತಲ ಬಾಗಿಲಿನಿಂದ ನೋಡಿದರೆ ಬೇಲಿಯ ಹತ್ತಿರ ಹೊಗೆ. ನಿನ್ನ ಕಾಕಾ ಇನ್ನೂ ಎಲೆ ಸುಡುತ್ತಿದ್ದಾನೆ. ಬುಟ್ಟಿ ಹಿಡಿದು ಅಲ್ಲಿಗೇ ಹೊರಟಿದ್ದೇನೆ. ಇದು ಸುಡಬೇಕಾದದ್ದು ಅವನ ಬೆಂಕಿಯಲ್ಲಿ, ಅವನ ಕಣ್ಣೆದುರಿಗೆ.