ಹದಿನೈದು ದಿನದ ಸುತ್ತೋಲೆ

ಮಾರ್ಚ್ 3, ಬೆಳಿಗ್ಗೆ 9.40
ಮೇಜಿನ ಮೇಲೆ ಎರಡು ಗೋಪುರ ಕಡತ. ಎಡಗಡೆ ಉನ್ನತ ಶಿಕ್ಷಣದ ಭವಿಷ್ಯ, ಬಲಗಡೆ ಭೂತ. ಭವಿಷ್ಯದ ಮೇಲೆ ಕಾಫಿ ಲೋಟ ಇಟ್ಟೆ.

ಮುಚ್ಚುವ ಕಾಲೇಜುಗಳ ಪಟ್ಟಿ ಬಂದಿದೆ. ನೂರು ವಿದ್ಯಾರ್ಥಿಗಳಿಲ್ಲದಿದ್ದರೆ ಬೀಗ. ನೂರೇ ಯಾಕೆ? ಸಭೆಯಲ್ಲಿ ಎಲ್ಲರಿಗೂ ಹಸಿವಾಗಿತ್ತು. ಗುಂಡಗಿರುವ ಸಂಖ್ಯೆ ಅಂತ ನಾನೇ ಹೇಳಿದ್ದೆ.

ಹನ್ನೊಂದನೆಯ ಸಾಲು — ಅಕ್ಕ ಓದುವ ಸಂಜೆ ಕಾಲೇಜು. ತೊಂಬತ್ತನಾಲ್ಕು ಜನ.

ಅದೇ ದಿನ, ಸಂಜೆ
ಅಕ್ಕನ ಫೋನು.
“ಏನೋ ಸಾಹೇಬ, ನಮ್ ಕಾಲೇಜ್ ಮುಚ್ತಾರಂತೆ?”
“ಪರಿಶೀಲನೆಯಲ್ಲಿದೆ ಅಕ್ಕಾ.”
“ನನ್ ಹತ್ರಾನೂ ಅದೇ ಭಾಷೆನಾ? ಇನ್ನೊಂದೇ ವರ್ಷ ಕಣೋ. ಆಮೇಲೆ ಬೇಕಾದ್ರೆ ಕಟ್ಟಡಾನೇ ಕೆಡವಿ.”
“ಹಗಲು ಕಾಲೇಜಿಗೆ ಸೇರ್ಕೋ.”
“ಹಗಲು ಆಸ್ಪತ್ರೆ ಕೌಂಟರಲ್ಲಿ ಚೀಟಿ ಯಾರು ಬರೀತಾರೆ, ನಿನ್ ಮಂತ್ರಿನಾ?”

ನಾನು ಓದಲಿ ಎಂದು ಹತ್ತನೆಯ ತರಗತಿಗೇ ಪುಸ್ತಕ ಮುಚ್ಚಿದವಳು. ಒಂದು ದಿನವೂ ಎತ್ತಿ ಆಡಿಲ್ಲ. ಆಡಿದ್ದರೆ ಜಗಳಕ್ಕಾದರೂ ದಾರಿಯಿತ್ತು.

ಮಾರ್ಚ್ 6
ಕಡತ ತೆರೆದೆ. ‘ಸಂಜೆ ಕಾಲೇಜುಗಳನ್ನು ಪಟ್ಟಿಯಿಂದ ಕೈಬಿಡಿ’ — ಒಂದು ಸಾಲು ಸಾಕು. ಆದರೆ ಅಕ್ಕನಿಗಾಗಿ ಮಾಡಿದ ಅಂತ ಜನ ಆಡಿಕೊಂಡರೆ? ಮೂವತ್ತು ವರ್ಷ ಇಸ್ತ್ರಿ ಮಾಡಿಟ್ಟ ಹೆಸರು... ಅಷ್ಟೂ ವರ್ಷದ ಅನುಭವವನ್ನು ಧಾರೆ ಎರೆದು ಬರೆದೆ: ‘ಚರ್ಚಿಸಿ.’ ಯಾರು, ಯಾರೊಡನೆ, ಯಾವಾಗ — ಬರೆಯುವ ಪದ್ಧತಿ ಇಲ್ಲ.

ಮಾರ್ಚ್ 23
ಸಮ್ಮೇಳನ ಮುಗಿಸಿ ಬಂದೆ. ‘ತ್ವರಿತ ಆಡಳಿತ’ ಕುರಿತು ನನ್ನ ಭಾಷಣ. ಚಪ್ಪಾಳೆ ಜೋರಿತ್ತು. ಸ್ಟೆನೋ ಬಾಗಿಲಲ್ಲಿ ನಿಂತು ಕೆಮ್ಮಿದರು.
“ಸಾರ್, ಮುಚ್ಚೋ ಆದೇಶ ಹೋಯ್ತು.”
“ನಾನು ಒಪ್ಪೇ ಇಲ್ವಲ್ರೀ!”
“ಹದಿನೈದು ದಿನದಲ್ಲಿ ಆಕ್ಷೇಪ ಬರೀದಿದ್ರೆ ಒಪ್ಪಿದ ಹಾಗೇ ಸಾರ್. ತಮ್ದೇ ಸುತ್ತೋಲೆ.”
“‘ಚರ್ಚಿಸಿ’ ಅಂತ ಬರೆದಿದ್ನಲ್ಲ?”
“ಅದು ಆಕ್ಷೇಪ ಅಲ್ಲ ಅಂತ ಮೂರನೇ ಪ್ಯಾರಾದಲ್ಲಿ ತಾವೇ...”
“ವಾಪಸ್ ತಗೊಳ್ಳೋಕಾಗಲ್ವಾ?”
“ಮಂತ್ರಿಗಳು ಬೆಳಿಗ್ಗೆ ಪೇಪರ್‌ನೋರಿಗೆ ಹೇಳಾಯ್ತು ಸಾರ್.”

ಆ ಪ್ಯಾರಾ ತೆಗೆಸಿ ಓದಿದೆ. ಸೂಜಿ ತೂರಲೂ ಸಂದಿಲ್ಲ. ಬಹಳ ಚೆನ್ನಾಗಿ ಬರೆದಿದ್ದೇನೆ.

ಮಾರ್ಚ್ 24
ಅಕ್ಕನೇ ಸಮಾಧಾನ ಹೇಳಿದಳು. “ನೀನು ಎಷ್ಟು ಒದ್ದಾಡಿರ್ತೀಯ ಅಂತ ನಂಗೊತ್ತಿಲ್ವಾ? ಕೈ ಮೀರಿದ್ದಕ್ಕೆ ಏನ್ ಮಾಡ್ತೀಯ. ಊಟ ಬಿಡ್ಬೇಡ.” ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದ್ದಾಳಂತೆ — ನನ್ ತಮ್ಮ ಕೊನೇವರೆಗೂ ಹೋರಾಡಿದ.

‘ಹೂಂ’ ಅಂದೆ.

ಏಪ್ರಿಲ್ 2, ಭಾನುವಾರ
ನಿಜ ಹೇಳಿಯೇ ಬಿಡುವುದೆಂದು ಅವಳ ಮನೆಗೆ ಹೋದೆ. ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದಳು.
“ಅಕ್ಕಾ, ಒಂದ್ ಮಾತು...”
“ಇರು, ಮೊದ್ಲು ಈ ಗಂಟಿನ ಮೇಲೆ ಬೆರಳಿಡು.”
ಇಟ್ಟೆ. ಬಿಗಿಯಾಗಿ ಎಳೆದಳು.
“ಹಾಂ, ಏನೋ ಅಂದ್ಯಲ್ಲ?”
“ಇನ್ನೊಂದು ಕಟ್ಟು ಉಳಿದಿದೆಯಲ್ಲ” ಅಂದೆ, ಅದರ ಗಂಟಿನ ಮೇಲೂ ಬೆರಳಿಟ್ಟೆ.