ಗೋದಾಮಿನ ಅಳಿಯ

ಪ್ರೀತಿಯ ಅಣ್ಣಾ,

ಈ ಕಾಗದವನ್ನು ನಿನ್ನ ಊಟದ ಚೀಲದಲ್ಲಿ, ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದೇನು ಬಂತು ಎಂದು ನಗಬೇಡ. ಎದುರು ಕೂತು ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ತೆರೆದಾಗಲೆಲ್ಲ ಬೇರೆ ಏನೋ ಹೊರಗೆ ಬಂದಿದೆ. ನಿನ್ನೆ ಊಟಕ್ಕೆ ಕೂತಾಗಲೂ ಹಾಗೇ ಆಯಿತು, ಕೊನೆಗೆ ಉಪ್ಪು ಕೊಡು ಎಂದು ಕೇಳಿದೆ. ಇವತ್ತು ನೀನು ಎಂದಿನಂತೆ ಗೋದಾಮಿನ ಮೂಲೆಯಲ್ಲಿ ಅಳಿಯನ ಪಕ್ಕ ಕೂತು ಡಬ್ಬಿ ತೆಗೆಯುವಾಗ ಇದು ಕೈಗೆ ಸಿಗುತ್ತದೆ. ಓದುತ್ತಾ ಗಾಬರಿಯಾಗಿ ಎದ್ದು ನಿಲ್ಲಬೇಡ. ನೀನು ಓದುವುದನ್ನು ನಾನು ಅಲ್ಲೇ ಇದ್ದು ನೋಡುತ್ತಿರುತ್ತೇನೆ.

ಹೌದು ಅಣ್ಣಾ, ಅಳಿಯನ ಒಳಗಿರುವವಳು ನಾನೇ. ಮನುಷ್ಯನ ಆಕಾರದ ಆ ಯಂತ್ರವನ್ನು ಪರೀಕ್ಷೆಗೆಂದು ಗೋದಾಮಿಗೆ ತಂದ ದಿನವೇ ನೀನು ಅದಕ್ಕೆ ಆ ಹೆಸರಿಟ್ಟೆ. ಮಾಡುವ ಕೆಲಸ ಇಷ್ಟೇ ಇಷ್ಟು, ಉಪಚಾರ ಮಾತ್ರ ಅಷ್ಟುದ್ದ, ಒಂಚೂರು ಹೆಚ್ಚುಕಡಿಮೆಯಾದರೆ ಮೂಲೆಯಲ್ಲಿ ಮುನಿಸಿಕೊಂಡು ನಿಂತುಬಿಡುತ್ತದೆ, ಇದು ಅಳಿಯನಲ್ಲದೆ ಇನ್ನೇನು ಎಂದಿದ್ದೆ. ಮನೆಗೆ ಬಂದು ಆ ಕಥೆ ಹೇಳಿದಾಗ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಮೊದಲ ಸಲ ಕೇಳುತ್ತಿರುವವಳ ಹಾಗೆ.

ಫೋನ್ ಎತ್ತುವ ಕೆಲಸ ಸಿಕ್ಕಿದೆ ಎಂದು ನಾನು ಹೇಳಿದ್ದು ಸುಳ್ಳು. ನಿನ್ನ ಗೋದಾಮಿನ ಪ್ಯಾಕಿಂಗ್ ಮೇಜಿನ ಮುಂದೆಯೇ ನಾನು ಸೊಂಟ ಹಾಳುಮಾಡಿಕೊಂಡು ಕೆಲಸ ಬಿಟ್ಟದ್ದು ನಿನಗೆ ಗೊತ್ತಲ್ಲ. ಆಗ ಈ ಯಂತ್ರದ ಕಂಪನಿಯವರು ಹುಡುಕಿಕೊಂಡು ಬಂದರು. ಓದಿದವರು ಅವರಿಗೆ ಬೇಕಾದಷ್ಟು ಸಿಗುತ್ತಾರಂತೆ, ಪೆಟ್ಟಿಗೆ ಎತ್ತಿ ಇಳಿಸಿ ಪಳಗಿದ ಕೈ ಸಿಗುವುದಿಲ್ಲವಂತೆ. ಆ ಗೋದಾಮಿನ ಸಂದುಗೊಂದು ಎಲ್ಲ ನನಗೆ ಗೊತ್ತಿದ್ದರಿಂದ ನನ್ನನ್ನು ಅಲ್ಲಿನ ಯಂತ್ರಕ್ಕೇ ಹಾಕಿದರು. ನಾನು ಕೂರುವುದು ಗೋದಾಮಿನಿಂದ ಎರಡು ಬಸ್ ಸ್ಟಾಪ್ ಆಚೆ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಪರದೆ ಎಳೆದ ಒಂದು ಕೋಣೆ. ಅಲ್ಲಿ ಸಾಲಾಗಿ ಕುರ್ಚಿಗಳು. ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ತಂತಿಯ ಗ್ಲೌಸು, ಕಾಲ ಕೆಳಗೆ ಪೆಡಲು. ನಾನು ಕೈ ಚಾಚಿದರೆ ಅಳಿಯ ಕೈ ಚಾಚುತ್ತಾನೆ, ನಾನು ಕತ್ತು ತಿರುಗಿಸಿದರೆ ಅವನೂ ತಿರುಗಿಸುತ್ತಾನೆ, ಅವನ ಮುಂದೆ ನಡೆದದ್ದೆಲ್ಲ ನನಗೆ ಕಾಣುತ್ತದೆ, ಕೇಳಿಸುತ್ತದೆ. ನಿಮ್ಮ ಮಾಲೀಕರಿಗೆ ಮಾತ್ರ ಯಂತ್ರವೇ ನೋಡಿ ಯಂತ್ರವೇ ಯೋಚಿಸಿ ಮಾಡುತ್ತದೆ ಎಂದು ಹೇಳಿಟ್ಟಿದ್ದಾರೆ. ಮನೆಯಲ್ಲೂ ಬಾಯಿ ಬಿಡಕೂಡದು ಎಂದು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದಾರೆ. ನಮ್ಮ ಕೈ ನೋಡಿ ನೋಡಿ ಅದು ತಾನೇ ಕಲಿಯುತ್ತದಂತೆ, ಆಮೇಲೆ ನಾವೂ ಬೇಕಾಗುವುದಿಲ್ಲವಂತೆ. ಕಲಿತರೂ ಕಲಿತೀತು, ನನಗೆ ಗೊತ್ತಿಲ್ಲ. ಇವತ್ತಿನವರೆಗಂತೂ ಅದು ಎತ್ತಿದ ಒಂದೊಂದು ಪೆಟ್ಟಿಗೆಯನ್ನೂ ನಾನೇ ಎತ್ತಿದ್ದೇನೆ.

ನೀನೊಮ್ಮೆ ಸೂಪರ್‌ವೈಸರ್‌ನನ್ನು ಕೇಳಿದ್ದೆ. "ಅಲ್ಲ ಸಾರ್, ನೆಲ ಕನ್ನಡಿ ಇದ್ದಂಗಿದೆ. ಇದಕ್ಕೆ ನಾಲ್ಕು ಚಕ್ರ ಹಾಕೋದು ಬಿಟ್ಟು ಎರಡು ಕಾಲು ಯಾಕೆ ಕೊಟ್ರು?" ಹೋಗಿ ಕೆಲಸ ನೋಡು ಎಂದು ಅವನು ನಿನ್ನನ್ನು ಅಟ್ಟಿದ. ಕಂಪನಿಯವರ ಹತ್ತಿರ ಉತ್ತರವಿದೆ ಅಣ್ಣಾ, ಅದು ಪೂರ್ತಿ ಸುಳ್ಳೂ ಅಲ್ಲ. ಕಪಾಟಿನ ಎತ್ತರ, ಅಟ್ಟದ ಮೆಟ್ಟಿಲು, ತಳ್ಳುಗಾಡಿಯ ಹಿಡಿ, ಎಲ್ಲವನ್ನೂ ಮನುಷ್ಯನ ಅಳತೆಗೇ ಮಾಡಿದ್ದಾರೆ. ಮನುಷ್ಯನ ಹಾಗಿರುವ ಯಂತ್ರ ತಂದರೆ ಅದ್ಯಾವುದನ್ನೂ ಒಡೆದು ಕಟ್ಟಬೇಕಾಗಿಲ್ಲ, ಮನುಷ್ಯನನ್ನು ಮನೆಗೆ ಕಳಿಸಿದರಾಯಿತು. ತರಬೇತಿಯಲ್ಲಿ ಇದನ್ನು ಕೇಳಿದಾಗ ನಾನು ತಲೆಯಾಡಿಸಿದ್ದೆ. ಆ ಮನುಷ್ಯ ಎಂದರೆ ನೀನು ಎಂದು ಆಗ ನನ್ನ ತಲೆಗೆ ಹೋಗಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ನಿನ್ನ ಊಟದ ಹೊತ್ತು. ಅಳಿಯನನ್ನು ಮೂಲೆಯಲ್ಲಿ ಕೂರಿಸಿ ಚಾರ್ಜಿಗೆಂದು ಬೆನ್ನಿಗೆ ವೈರು ಚುಚ್ಚಿದ ಮೇಲೆ ನಾವು ಕನ್ನಡಕ ತೆಗೆದು ಊಟಕ್ಕೆ ಏಳಬಹುದು. ಉಳಿದವರು ಏಳುತ್ತಾರೆ, ನಾನು ಏಳುವುದಿಲ್ಲ. ನೀನು ಬಂದು ಅವನ ಪಕ್ಕ ಕೂರುತ್ತೀಯ. "ಏನ್ ಅಳಿಯಂದ್ರೇ, ಶುರು ಮಾಡೋಣ್ವಾ? ನಿಮಗೇನಪ್ಪಾ, ಕೈ ತೊಳಿಯೋ ರಗಳೆನೂ ಇಲ್ಲ" ಎನ್ನುತ್ತೀಯ. ಇಲ್ಲಿ ನಾನು ಗ್ಲೌಸು ಮಾತ್ರ ಕಳಚಿ, ಅದೇ ಅತ್ತಿಗೆ ಕಟ್ಟಿಕೊಟ್ಟ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಿಗೆ ಕಾಣದ ಅನ್ನವನ್ನು ತಡವಿ ತಡವಿ ತಿನ್ನುತ್ತೇನೆ. ಮನೆಯಲ್ಲಿ ಆಡದ ಮಾತನ್ನೆಲ್ಲ ನೀನು ಆ ಪ್ಲಾಸ್ಟಿಕ್ ಮುಖದ ಮುಂದೆ ಆಡುತ್ತೀಯ. ಒಂದು ದಿನ ಹೇಳಿದೆ. "ನಮ್ಮನೇಲಿ ಒಬ್ಳಿದಾಳೆ, ನನ್ನ ತಂಗಿ. ಈಗ ತಣ್ಣಗೆ ಕೂತ್ಕೊಂಡು ಫೋನ್ ಎತ್ತೋ ಕೆಲಸ. ಇಲ್ಲೇ ಇದ್ದಿದ್ರೆ ಅವಳ ಸೊಂಟ ಪೂರ್ತಿ ಹೋಗಿರೋದು. ಒಬ್ಳಾದ್ರೂ ಪಾರಾದ್ಲು, ಅಷ್ಟು ಸಾಕು." ಕನ್ನಡಕದ ಗಾಜಿಗೆಲ್ಲ ಹಬೆ ಕಟ್ಟಿ ನೀನೇ ಕಾಣದಂತಾದೆ.

ಈಗ ನಿನ್ನ ಭುಜದ ವಿಷಯ. ಆವತ್ತು ಅಳಿಯ ಕಪಾಟುಗಳ ನಡುವಿನ ಇಕ್ಕಟ್ಟಿನಲ್ಲಿ ಪೆಟ್ಟಿಗೆ ಹೊತ್ತು ಬರುತ್ತಿದ್ದ. ಸೂಪರ್‌ವೈಸರ್ ಎಲ್ಲರನ್ನೂ ಪಕ್ಕಕ್ಕೆ ಸರಿಸುತ್ತಿದ್ದ. ನೀನು ದೊಡ್ಡ ಗಂಟಲಿನಲ್ಲಿ ಕೂಗಿದೆ. "ದಾರಿ ಬಿಡ್ರಪ್ಪಾ, ಅಳಿಯಂದ್ರು ಬಂದ್ರು! ಯಾರಾದ್ರೂ ಕುರ್ಚಿ ಹಾಕಿ, ಹೋದ್ಸಲ ಕುರ್ಚಿ ಹಾಕ್ಲಿಲ್ಲ ಅಂತ ಬ್ಯಾಟ್ರಿ ಖಾಲಿ ಮಾಡ್ಕೊಂಡು ನಿಂತಿದ್ರು!" ನನಗೆ ನಗು ತಡೆಯಲಾಗಲಿಲ್ಲ ಅಣ್ಣಾ. ಕುರ್ಚಿಯಲ್ಲಿ ಕುಲುಕಿ ಕುಲುಕಿ ನಕ್ಕೆ. ನನ್ನ ಕೈ ಕುಲುಕಿತು, ಅವನ ಕೈಯೂ ಕುಲುಕಿತು, ಪೆಟ್ಟಿಗೆ ಒಂದು ಕಡೆಗೆ ವಾಲಿ ಅವನೂ ವಾಲಿದ. ಗಾಡಿಯೊಂದು ಮಗುಚುತ್ತಿದ್ದರೆ ನೀನು ಹಾರಿ ದೂರ ನಿಲ್ಲುತ್ತಿದ್ದೆ. ಆದರೆ ಎರಡು ಕಾಲು, ಎರಡು ಕೈ, ಮೇಲೊಂದು ತಲೆ ಇರುವುದು ಬೀಳುವಾಗ ಯಾರೂ ದೂರ ನಿಲ್ಲುವುದಿಲ್ಲ. "ಅಯ್ಯಯ್ಯೋ, ಬೀಳ್ತೀಯಾ, ಬೀಳ್ತೀಯಾ" ಎನ್ನುತ್ತಾ ಓಡಿ ಬಂದು ಭುಜ ಕೊಟ್ಟೆ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗಾಗಿ ಸ್ಟೂಲಿನ ಮೇಲೆ ಸ್ಟೂಲಿಟ್ಟು ನಾನು ಹತ್ತಿದಾಗ ಕೆಳಗೆ ಕೈ ಚಾಚಿ ನಿಂತು ಇದೇ ಮಾತು ಹೇಳುತ್ತಿದ್ದೆ. ಅಷ್ಟು ಭಾರದ ಕಬ್ಬಿಣ ನಿನ್ನ ಬಲಭುಜದ ಮೇಲೆ ಕೂತಾಗ ನಿನ್ನ ಮುಖ ನನ್ನ ಮುಖಕ್ಕೆ ಅಂಟಿಕೊಂಡಂತಿತ್ತು. ನೀನು ಹಲ್ಲು ಕಚ್ಚಿದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದೆ.

ಪೆಟ್ಟಾಗಿದೆ ಎಂದು ಗೊತ್ತಾದರೆ ಮೊದಲು ಕೆಲಸದಿಂದ ತೆಗೆಯುವುದು ನಿನ್ನನ್ನೇ ಎಂಬ ಭಯಕ್ಕೆ ನೀನು ಯಾರಿಗೂ ಹೇಳಲಿಲ್ಲ. ಮನೆಗೆ ಬಂದು, ಮಗ್ಗುಲು ಸರಿಯಾಗಿ ಮಲಗಲಿಲ್ಲ, ಭುಜ ಹಿಡಿದುಕೊಂಡಿದೆ ಎಂದೆ. ಅತ್ತಿಗೆ ನಂಬಿದರು. ಎಣ್ಣೆ ಬಿಸಿ ಮಾಡಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ನೀನು ಸುಳ್ಳು ಹೇಳಿ ಬೆನ್ನು ತಿರುಗಿಸಿ ಕೂತೆ, ನಾನು ಸುಳ್ಳು ಹೇಳುತ್ತಾ ಹಿಂದೆ ಕೂತು ತಿಕ್ಕಿದೆ. "ನಿನ್ನ ಕೈ ಗುಣ ಚೆನ್ನಾಗಿದೆ ಕಣೇ" ಎಂದೆಯಲ್ಲ, ಆಗ ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಿನ್ನ ಭುಜಕ್ಕೆ ಪೆಟ್ಟು ಮಾಡಿದ್ದೂ ಅದೇ ಕೈ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು, ಅದನ್ನು ಒಳ್ಳೆಯದೆಂದೇ ತಿಳಿದು ಮಾಡಿದೆ. ನಿನಗೆ ಬಲಗೈ ಮೇಲೆತ್ತಲು ಆಗುವುದಿಲ್ಲವೆಂದು ಗೊತ್ತಾದ ಮೇಲೆ ಮೇಲಿನ ಸಾಲಿನ ಪೆಟ್ಟಿಗೆಗೆ ನೀನು ಕೈ ಹಾಕುವ ಮೊದಲೇ ಅಳಿಯನನ್ನು ಕಳಿಸತೊಡಗಿದೆ. ಇಳಿಸಿ ನಿನ್ನ ಸೊಂಟದ ಮಟ್ಟಕ್ಕೆ, ಎಡಗೈ ಕಡೆಗೆ ಹಿಡಿಯುತ್ತಿದ್ದೆ. "ಅಳಿಯಂದ್ರು ಸುಧಾರಿಸಿದಾರೆ ಕಣ್ರೋ" ಎಂದು ನೀನು ಖುಷಿಪಟ್ಟೆ. ಹೋದ ವಾರ ಕಂಪನಿಯವರು ನಮ್ಮನ್ನೆಲ್ಲ ಕೂರಿಸಿ ಅದರ ವೀಡಿಯೊ ತೋರಿಸಿದರು. ನೋಡಿ, ಜೊತೆಗಾರನ ನೋವನ್ನು ಅರಿತು ನೆರವಾಗುತ್ತಿದೆ, ಇದನ್ನು ಕಂಡೇ ಮಾಲೀಕರು ಮನಸ್ಸು ಮಾಡಿದ್ದಾರೆ ಎಂದರು. ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ ಅಣ್ಣಾ. ಅಂಥ ಅಳಿಯಂದಿರನ್ನು ಗೋದಾಮು ತುಂಬ ತರಿಸಿ ಪೆಟ್ಟಿಗೆ ಇಳಿಸುವ ನಿಮ್ಮ ತಂಡವನ್ನು ಪೂರ್ತಿ ಕೆಲಸ ಬಿಡಿಸುತ್ತಾರೆ ಎಂದು ಅವರು ಹೇಳಿದ್ದು ಚಪ್ಪಾಳೆ ನಿಂತ ಮೇಲೆ. ನಿನ್ನ ಮೇಲಿನ ಅಕ್ಕರೆಯಿಂದ ನಾನು ಮಾಡಿದ್ದೇ ನಿನ್ನ ಅನ್ನಕ್ಕೆ ಕಲ್ಲು ಹಾಕುತ್ತಿದೆ.

ಮಾಲೀಕರು ಬಂದು ನೋಡಿ ಒಪ್ಪಿಗೆ ಕೊಡುವುದು ಇವತ್ತೇ, ನಿನ್ನ ಊಟ ಮುಗಿದ ಮೇಲೆ. ಹಗ್ಗ ಕಟ್ಟಿ ಎಲ್ಲರನ್ನೂ ದೂರ ನಿಲ್ಲಿಸುತ್ತಾರೆ. ಹಗ್ಗದೊಳಗೆ ಅಳಿಯನ ಜೊತೆ ನೀನೊಬ್ಬನೇ ಇರುತ್ತೀಯ, ಅವರಿಗೆ ಅದೇ ಪೆಟ್ಟಿಗೆ ಕೊಡುವ ಆಟ ಬೇಕು. ನಾನು ಅವನನ್ನು ಕಪಾಟಿನವರೆಗೆ ನಡೆಸುತ್ತೇನೆ, ಪೆಟ್ಟಿಗೆ ಎತ್ತಿಸುತ್ತೇನೆ. ಆಮೇಲೆ ಗ್ಲೌಸು ಕಳಚಿ, ಕನ್ನಡಕ ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದು ಬಂದುಬಿಡುತ್ತೇನೆ. ಹಳೇ ಗೇಟಿನಿಂದಲೇ ಬರುತ್ತೇನೆ, ಕಾವಲಿನವನಿಗೆ ನನ್ನ ಮುಖ ಇನ್ನೂ ನೆನಪಿರಬಹುದು. ಒಳಗಿದ್ದವಳು ನಾನು ಎಂದು, ನಿನ್ನ ಭುಜ ಹೋದದ್ದು ಎಲ್ಲಿ, ಯಾರಿಂದ ಎಂದು ಮಾಲೀಕರ ಮುಂದೆ ನಿಂತು ಹೇಳುತ್ತೇನೆ. ಅದರಿಂದ ನಿನ್ನ ಕೆಲಸ ಉಳಿಯುತ್ತದೆಂದು ಆಣೆ ಮಾಡಲಾರೆ. ನನ್ನದಂತೂ ಹೋಗುತ್ತದೆ. ಅತ್ತಿಗೆಗೆ ಏನು ಹೇಳುವುದೆಂದು ಆಮೇಲೆ ಇಬ್ಬರೂ ಸೇರಿ ಯೋಚಿಸೋಣ.

ಓದಿ ಮುಗಿಸಿದ ಮೇಲೆ ಬೈಯಬೇಕೆನಿಸಿದರೆ ಅಳಿಯನ ಕಡೆಗೆ ತಿರುಗಿ ಬೈದುಬಿಡು, ನನಗೆ ಕೇಳಿಸುತ್ತದೆ. ಅವನಿಗೆ ಬಾಯಿ ಇಲ್ಲದ್ದರಿಂದ ನಾನು ಎದುರುತ್ತರ ಕೊಡುವ ಭಯವಿಲ್ಲ. ಒಂದು ಮಾತು ಮಾತ್ರ ನಡೆಸಿಕೊಡು. ನಾನು ಕೈ ತೆಗೆದ ಮೇಲೆ ಅವನು ತುಸು ಹೊತ್ತು ನಿಂತು ಮೆಲ್ಲಗೆ ವಾಲುತ್ತಾನೆ. ನಿನ್ನ ಕಾಲು ತಾನಾಗಿ ಮುಂದೆ ಬರುತ್ತದೆ, ನನಗೆ ಗೊತ್ತು. ಬರಗೊಡಬೇಡ. ಹಿಂದಕ್ಕೆ ಸರಿದು ನಿಲ್ಲು. ಆಗ ನಾನು ಅದರೊಳಗೆ ಇರುವುದಿಲ್ಲ ಅಣ್ಣಾ, ನಿನ್ನ ಹತ್ತಿರಕ್ಕೆ ನಡೆದು ಬರುತ್ತಿರುತ್ತೇನೆ. ಅದು ಬೀಳಲಿ ಬಿಡು, ಹಿಡಿಯಬೇಡ.

ನಿನ್ನ ನೋವು ಬೇಗ ವಾಸಿಯಾಗಲಿ. ಗೇಟು ದಾಟಿ ನಾನು ನಿನ್ನೆದುರು ಬಂದು ನಿಂತಾಗ ನನ್ನನ್ನು ಕ್ಷಮಿಸಬೇಕು ಅನಿಸಿದರೆ ಏನೂ ಹೇಳಬೇಡ, ತಲೆಯ ಮೇಲೊಂದು ಕೈ ಇಡು. ಬಲಗೈ ಮೇಲೇಳುವುದಿಲ್ಲ ಎಂದು ನನಗೆ ಗೊತ್ತು. ಎಡಗೈಯಾದರೂ ಸಾಕು.

ನಿನ್ನ ತಂಗಿ